ಮೆಟ್ಟಿಲ ಕೆಳಗಿನ ಫ್ರಿಜ್ಜು

"ಈ ಫ್ರಿಜ್ಜು ಕೆಟ್ಟುಹೋದ ದಿನ ಈ ಮನೇಲಿ ಬಿಯರ್ ಇಡೋದೂ ನಿಲ್ಲಿಸ್ತೀನಿ, ಸರೀನಾ?" ಎಂದು ಡ್ರಾಯಿಂಗ್ ಮೇಷ್ಟ್ರು ಹೆಂಡತಿಗೆ ಮಾತು ಕೊಟ್ಟು ವರ್ಷಗಳೇ ಆಗಿದ್ದವು. ಮೆಟ್ಟಿಲ ಕೆಳಗೆ ಬಿಯರಿಗೆಂದೇ ಕೂರಿಸಿದ ಆ ಸೊಂಟದೆತ್ತರದ ಫ್ರಿಜ್ಜು ಆಗ ಹೊಸ ಅಳಿಯನಂತೆ ಮಿರಮಿರ ಮಿಂಚುತ್ತಿತ್ತು. ಅದೂ ಕೆಡಬಹುದೆಂದು ಯಾರು ಕಂಡಿದ್ದರು?

ಭಾನುವಾರ ಬೆಳಗ್ಗೆ ಅದು ಒಮ್ಮೆ ಬಿಕ್ಕಳಿಸಿ ಸುಮ್ಮನಾಯಿತು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಸಂಜೆವರೆಗೆ ಡ್ಯೂಟಿ. ಅಷ್ಟರೊಳಗೆ ರಿಪೇರಿಯಾದರೆ ಕೆಟ್ಟಿದ್ದೇ ಸುಳ್ಳು. ಕೆಳಗೆ ಯಾರೂ ಇಲ್ಲದಿದ್ದರೂ ಮೇಷ್ಟ್ರು ಪಿಸುದನಿಯಲ್ಲೇ ಮೆಕ್ಯಾನಿಕ್‌ಗೆ ಫೋನು ಮಾಡಿದರು.

ಮಹಡಿ ಮೇಲಿನ ಭಾಮೈದನಿಗೆ ಅದು ಹೇಗೋ ಕೇಳಿಸಿತು. ಅಕ್ಕನಿಗೆ ಹೇಳುವುದಿಲ್ಲವೆಂದು ಆಣೆಯಿಟ್ಟು, ಆ ಶ್ರಮಕ್ಕೆ ಒಂದು ಬಾಟಲಿ ತೆರೆದ. "ಬಿಸಿಯಾದ್ರೆ ಚೆಲ್ಲಬೇಕಲ್ಲ ಭಾವ, ನಂಗದು ನೋಡೋಕಾಗಲ್ಲ" ಎಂದು ಇನ್ನೊಂದು. ಮೆಕ್ಯಾನಿಕ್ ಬರುವ ಹೊತ್ತಿಗೆ ಅವನು ನೋಡಲಾಗದೆ ಎಲ್ಲವನ್ನೂ ಮುಗಿಸಿ, ಮೆಟ್ಟಿಲ ಮೇಲೆ ರಿಪೇರಿಗೆಂದು ತಂದ ಸ್ಪ್ಯಾನರ್ ತಬ್ಬಿಕೊಂಡು ನಿದ್ದೆ ಹೋಗಿದ್ದ.

ಮೆಕ್ಯಾನಿಕ್ ಫ್ರಿಜ್ಜಿನ ಬೆನ್ನಿಗೆ ಟಾರ್ಚು ಬಿಟ್ಟು ನೋಡಿದ. ಮೋಟರು ಶುರುವಾಗಲು ಬೇಕಾದ ರಿಲೇ ಎಂಬ ಹೆಬ್ಬೆರಳಷ್ಟು ಸಾಮಾನು ಸುಟ್ಟಿತ್ತು. ಅಂಗಡಿಗಳಿಗೆಲ್ಲ ರಜ, ನಾಳೆ ತರುತ್ತೇನೆಂದ.

ಮೇಷ್ಟ್ರ ಕಣ್ಣು ಮೆಲ್ಲಗೆ ಅಡುಗೆಮನೆಯತ್ತ ಹರಿಯಿತು. ಅಲ್ಲಿದ್ದ ದೊಡ್ಡ ಫ್ರಿಜ್ಜೂ ಅದೇ ಕಂಪನಿಯದು.

"ಅದರದ್ದು ತೆಗೆದು ಇದಕ್ಕೆ ಹಾಕಪ್ಪ. ಒಂದು ರಾತ್ರಿ ಎರವಲು, ಅಷ್ಟೇ. ಆದ್ರೆ ನಮ್ಮನೆಯವಳಿಗೆ ಮಾತ್ರ ಗೊತ್ತಾಗಬಾರದು."

"ನನ್ನ ಬಾಯಿಂದ ಬರಲ್ಲ ಬಿಡಿ ಸಾರ್."

ಸ್ವಲ್ಪ ಹೊತ್ತಿನಲ್ಲೇ ಮೆಟ್ಟಿಲ ಕೆಳಗಿನದು ಗುಂಯ್‌ಗುಟ್ಟಿತು.

ಸಂಜೆ ಹೆಂಡತಿ ನೀರಿಗೆಂದು ಅಡುಗೆಮನೆಯ ಫ್ರಿಜ್ಜು ತೆರೆದಳು. ಮಗುವಿನ ಹಣೆ ಮುಟ್ಟಿದಂತೆ ಒಳಗೆ ಅಂಗೈ ಇಟ್ಟಳು. "ಇದು ಹೋಗಿದೆ ಕಣ್ರೀ."

ಬೆಳಗಿನ ಹೊತ್ತಿಗೆ ಸರಿಹೋಗಬಹುದೆಂದು ಮೇಷ್ಟ್ರು ತೊದಲಿದರು.

"ಫ್ರಿಜ್ಜಿಗೇನು ಜ್ವರಾನಾ, ಬೆಳಗ್ಗೆ ಇಳಿಯೋಕೆ?" ಎಂದು ಅವಳು ಫೋನು ಮಾಡಿಯೇಬಿಟ್ಟಳು. ಬೀದಿಗೆ ಇದ್ದವನು ಅದೇ ಒಬ್ಬ ಮೆಕ್ಯಾನಿಕ್.

ಅವನು ಬಂದ. ಬೆವರುತ್ತಿದ್ದ ಮೇಷ್ಟ್ರ ಮುಖ ನೋಡಿದ. ಗುಟ್ಟು ಕಾಯುವುದು ತನ್ನ ಧರ್ಮವೆಂದು ತಿಳಿದು, ಬೆಳಗ್ಗೆ ತಾನೇ ಬಿಚ್ಚಿದ್ದ ಜಾಗಕ್ಕೆ ಮತ್ತೆ ಟಾರ್ಚು ಬಿಟ್ಟು, ತಲೆಯಾಡಿಸಿದ.

"ರಿಪೇರಿ ಆಗೋ ಕೇಸಲ್ಲ ಅಮ್ಮ. ಹಳೇ ಸಾಮಾನಿನ ರೇಟಿಗೆ ನಾನೇ ತಗೊಂಡು ಹೋಗ್ತೀನಿ."

ಹೇಳಿ, ಮೇಷ್ಟ್ರಿಗೆ ಮಾತ್ರ ಕಾಣುವಂತೆ ಕಣ್ಣು ಮಿಟುಕಿಸಿದ.

ಮೇಷ್ಟ್ರು ಬಾಯಿ ತೆರೆದರು. ಯಾವ ಮಾತು ಎಳೆದರೂ ಅದರ ಹಿಂದೆಯೇ ಆ ರಿಲೇ ಹೊರಬರುವಂತಿತ್ತು. ಬಾಯಿ ಮುಚ್ಚಿ, ಚೆನ್ನಾಗಿದ್ದ ಫ್ರಿಜ್ಜನ್ನು ಒಂದು ಕಡೆ ಹಿಡಿದು ಟೆಂಪೋಗೆ ಏರಿಸಲು ಕೈ ಕೊಟ್ಟರು.

ಹೆಂಡತಿ ಹಾಲು, ತರಕಾರಿ, ಮೊಟ್ಟೆ, ಕೆಮ್ಮಿನ ಸಿರಪ್ಪು ಎಲ್ಲವನ್ನೂ ಮೆಟ್ಟಿಲ ಕೆಳಗಿನ ಫ್ರಿಜ್ಜಿನಲ್ಲಿ ಜೋಡಿಸಿದಳು. ಬೆರಳು ತೂರಿಸಲೂ ಸಂದಿ ಉಳಿಯಲಿಲ್ಲ.

"ಇದನ್ನ ಎಷ್ಟು ಬೈಕೊಂಡಿದ್ದೆ, ಪಾಪ. ಒಂದು ದಿನಾನೂ ಕೆಟ್ಟಿಲ್ಲ ನೋಡಿ. ಇನ್ಮೇಲೆ ನಮಗೆ ಇದೊಂದೇ ಸಾಕು."

ಅಂದಿನಿಂದ ಆ ಮನೆಯಲ್ಲಿ ಬಿಯರ್ ಇಲ್ಲ. ಮೇಷ್ಟ್ರು ಕೊಟ್ಟ ಮಾತು ಉಳಿಸಿಕೊಂಡರು.