ಸುಣ್ಣದಲ್ಲಿ ಬರೆದ ಉದ್ಯಾನ

ಜನರ ಅಭಿಪ್ರಾಯ ಸಂಗ್ರಹಿಸುವುದು ನನಗೆ ನೀರು ಕುಡಿದಷ್ಟು ಸಲೀಸು ಎಂದು ತಿಳಿದಿದ್ದೆ. ಇಪ್ಪತ್ತು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿರುವವಳು ನಾನು. ಕೊನೆಯ ಬೆಂಚಿನವರ ಬಾಯನ್ನೇ ಬಿಡಿಸಿದ ನನಗೆ ಸಿಂಧನೂರಿನ ಒಂದು ಬಡಾವಣೆ ಯಾವ ಲೆಕ್ಕ!

ನಮ್ಮ ಬಡಾವಣೆಯ ಹಿಂದೆ ದೊಡ್ಡದೊಂದು ಖಾಲಿ ಜಾಗವಿದೆ. ಬೇವು, ಹೊಂಗೆ, ಜಾಲಿ ತಾವಾಗಿಯೇ ಬೆಳೆದು ನಿಂತಿವೆ. ಅಲ್ಲಿ ಸಾರ್ವಜನಿಕ ನಿಸರ್ಗ ಉದ್ಯಾನ ಮಾಡುವುದೆಂದು ತೀರ್ಮಾನವಾಗಿ, ನಗರಸಭೆಯ ಇಂಜಿನಿಯರ್ ಸಾಹೇಬರು ಬಂದರು.

"ಭಾನುವಾರ ಸಭಾ ಐತ್ರಿ. ಜನಕ್ಕ ಏನು ಬೇಕಂತ ಕೇಳೇ ನಕ್ಷಾ ಹಾಕ್ತೀವಿ. ಜನಾನ ಬರಲಿಲ್ಲಂದ್ರ ಉದ್ಯಾನ ಲಿಂಗಸುಗೂರಿಗೆ ಹೋಗ್ತೈತಿ ನೋಡ್ರಿ" ಎಂದರು.

ಲಿಂಗಸುಗೂರು ನನ್ನ ತವರು. ಆದರೂ ಬಿಟ್ಟುಕೊಡುವುದುಂಟೇ? "ನನಗ ಬಿಡ್ರಿ ಸರ್!" ಎಂದುಬಿಟ್ಟೆ.

ಬ್ಯಾಂಕಿನಲ್ಲಿ ಗುಮಾಸ್ತರಾಗಿರುವ ನನ್ನ ಯಜಮಾನರು ಅಮರೇಶ ತಲೆ ಹಿಡಿದುಕೊಂಡರು. "ಒಂದು ಕಡೆ ಸುಮ್ನ ಕುಂದ್ರಾಕ ಬರಂಗಿಲ್ಲೇನು ನಿನಗ?"

ಬರುವುದಿಲ್ಲ. ನೋಟ್‌ಬುಕ್ ಹಿಡಿದು ಹೊರಟೆ. ಮೊದಲ ಮನೆ ಹುಲಿಗೆಮ್ಮನದು.

"ಗಿಡ ಯಾಕ್ರೀ ಟೀಚರ್? ಹಾವು ಬರ್ತಾವ. ಎಲ್ಲಾ ಕಡದು ಒಂದು ಕಟ್ಟಿ ಕಟ್ಟಿಸ್ರಿ. ಹಪ್ಪಳ ಒಣಗಸಾಕ ಚಲೋ ಆಗ್ತೈತಿ."

ಪಕ್ಕದ ಮನೆಯ ರಸೂಲ್ ಚಾಚಾ ದರ್ಜಿ. ಮಷೀನಿನಿಂದ ತಲೆ ಎತ್ತಲಿಲ್ಲ. "ನೀವು ಏನು ಬರದ್ರೂ ನಮ್ಮದು ಹೂಂ ಬೇಟಿ."

ಮೂರನೆಯ ಮನೆಯವರು ಏನೂ ಕೇಳದೆ ಆಧಾರ್ ಕಾರ್ಡ್ ತಂದು ಕೊಟ್ಟರು!

ಶುಕ್ರವಾರದ ಹೊತ್ತಿಗೆ ನೋಟ್‌ಬುಕ್ಕಿನಲ್ಲಿದ್ದದ್ದು ಒಂದು ಹಪ್ಪಳ, ಒಂದು ಹೂಂ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಸಭೆ ಭಾನುವಾರವೇ ತಾನೇ ಎಂದು ಇಂಜಿನಿಯರರಿಗೆ ಮೂರು ಸಲ ಫೋನ್ ಮಾಡಿದೆ. ಮೂರನೆಯ ಸಲ ಅವರು ಎತ್ತಲಿಲ್ಲ.

ಆಗ ಹೊಳೆಯಿತು. ಕಾಗದದ ಮಾತು ಯಾರಿಗೆ ಬೇಕು? ಉದ್ಯಾನವನ್ನು ನೆಲದ ಮೇಲೇ ಬರೆದು ತೋರಿಸಬೇಕು!

ಶನಿವಾರ ಬೆಳಕು ಹರಿಯುವಾಗಲೇ ಯಜಮಾನರನ್ನು ಎಬ್ಬಿಸಿ, ಸ್ಕೂಟರಿನಲ್ಲಿ ಸುಣ್ಣದ ಪುಡಿಯ ಚೀಲ ಹೇರಿಸಿದೆ. ನಡೆದಾಡುವ ದಾರಿಗೆ ಉದ್ದುದ್ದ ಗೆರೆ ಎಳೆದೆ. ಕೊಳಕ್ಕೆಂದು ಹಾಕಿದ ವೃತ್ತ ಮೊಟ್ಟೆಯಾಕಾರ ತಾಳಿತು. ಗೇಟಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣವೂ ಇತ್ತು. 'ಈ ಮರವನ್ನು ಉಳಿಸಬೇಕು' ಎಂದು ಪ್ರತಿ ಮರದ ಮೇಲೂ ಬರೆಯುವುದು ಎಲ್ಲಿ ಆದೀತು? ಒಂದೊಂದು ಗುಣಾಕಾರದ ಗುರುತು ಹಾಕಿದೆ. ಉದ್ಯಾನಕ್ಕೆ ಬಾಗಿಲು ಬರಬೇಕಾದ ಕಡೆ, ಮನೆಗಳ ಹಿಂಗೋಡೆಗೆ ಬಾಣ ಬರೆದು ಬಾಗಿಲಿಗೊಂದು ನಂಬರೂ ಕೊಟ್ಟೆ.

"ಏನ್ ಮಾಡಾಕತ್ತೀ ನೀ? ಮನಿಯವರನ್ನ ಕೇಳೀಯೇನು?" ಎಂದರು ಡಬ್ಬಿ ಹಿಡಿದು ನಿಂತಿದ್ದ ಯಜಮಾನರು.

"ಸರ್‌ಪ್ರೈಸ್ ಇರ್ಲಿ ಬಿಡ್ರಿ!"

ಅಂದು ಮಸ್ಕಿಯಲ್ಲಿ ಶಿಕ್ಷಕರ ತರಬೇತಿ. ಫೋನ್ ಆಫ್ ಮಾಡಿ ಕೂತೆ. ಸಂಜೆ ಬಸ್ಸಿಳಿದು ಬಂದರೆ, ಬಡಾವಣೆಯ ತಿರುವು ತಿರುವಿನಲ್ಲೂ ಜನ ಗುಂಪುಗೂಡಿ ಆ ಜಾಗದತ್ತ ಕೈ ಮಾಡಿ ಮಾತಾಡುತ್ತಿದ್ದಾರೆ. ನನ್ನನ್ನು ಕಂಡೊಡನೆ ಸುಮ್ಮನಾದರು. ಗೌರವ ಎಂದುಕೊಂಡೆ!

ಭಾನುವಾರ ಅದೇ ಜಾಗದಲ್ಲಿ ಇಪ್ಪತ್ತು ಕುರ್ಚಿ ಹಾಕಿಸಿದ್ದೆ. ಬಂದದ್ದು ಇಡೀ ಬಡಾವಣೆ. ಕೂಸುಗಳನ್ನು ಎತ್ತಿಕೊಂಡು ಬಂದಿದ್ದರು. ಒಬ್ಬರು ವಕೀಲರನ್ನೂ ಕರೆತಂದಿದ್ದರು. ಮೈಕ್ ಹಿಡಿದು ನಿಂತೆ.

"ಬಂಧುಗಳೇ, ನಿಮ್ಮ ಉತ್ಸಾಹ ಕಂಡು ನನ್ನ ಹೃದಯ ತುಂಬಿ ಬಂದಿದೆ!"

"ಹೃದಯ ಆಮ್ಯಾಲ ತುಂಬಿಸ್ಕೊಳ್ರಿ!" ಹುಲಿಗೆಮ್ಮ ಎದ್ದು ನಿಂತಳು. "ನನ್ನ ಮನಿ ಯಾವತ್ತು ಕೆಡವ್ತಾರ, ಅದನ್ನ ಹೇಳ್ರಿ!"

ನಾನು ಊರಲ್ಲಿಲ್ಲದಾಗ ನನ್ನ ಉದ್ಯಾನ ಬೈಪಾಸ್ ರಸ್ತೆಯಾಗಿತ್ತು! ಸುಣ್ಣದ ಗೆರೆ ರಸ್ತೆಯ ಅಳತೆ, ಕೆಂಪು ಗುರುತಿನ ಮರಗಳೆಲ್ಲ ಕಡಿಯುವವು, ನಂಬರು ಬಿದ್ದ ಮನೆಗಳೆಲ್ಲ ಕೆಡವುವವು. ಮೊಟ್ಟೆ ಮಾತ್ರ ಯಾರಿಗೂ ಬಗೆಹರಿದಿರಲಿಲ್ಲ.

ರಸೂಲ್ ಚಾಚಾ ಮೆಲ್ಲಗೆ ಕೇಳಿದರು: "ನಾ ಹೂಂ ಅಂದದ್ದು ಇದಕ್ಕೇನು ಬೇಟಿ? ನಿನ್ನೆಯಿಂದ ಮಷೀನ್ ಚಾದರದಾಗ ಕಟ್ಟಿ ಇಟ್ಟೀನಿ."

ಅಷ್ಟರಲ್ಲಿ ಇಂಜಿನಿಯರ್ ಬಂದವರೇ ಗೋಡೆ ನೋಡಿ ಕಂಗಾಲಾದರು. "ಈ ಗುರುತು ಯಾರು ಹಾಕ್ಯಾರ?"

ತಪ್ಪು ಮಾಡಿದ ವಿದ್ಯಾರ್ಥಿಯಂತೆ ಕೈ ಎತ್ತಿದೆ. ಉಗುರಿನಲ್ಲಿ ಕೆಂಪು ಬಣ್ಣ ಇನ್ನೂ ಇತ್ತು.

ಮೊದಲು ಚಾಚಾನ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಆಮೇಲೆ ಮೈಕಿನಲ್ಲಿ ಯಾವ ಗುರುತಿಗೆ ಏನರ್ಥ ಎಂದು ಎಲ್ಲರಿಗೂ ಹೇಳಿದೆ. ಮೊಟ್ಟೆಯೆಂದರೆ ಕೊಳ ಎಂದು ತಿಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗೆ ಮುಂದಿನ ಸಾಲಿನ ತನಕ ಬಂತು.

"ಹಂಗಾರ ನಿಮಗ ಏನು ಬೇಕು?" ಇಂಜಿನಿಯರ್ ಪೆನ್ನು ತೆಗೆದರು.

ಹುಲಿಗೆಮ್ಮ ಬೇವಿನ ಮರವನ್ನು ಅಪ್ಪಿ ನಿಂತಿದ್ದಳು. "ಈ ಗಿಡ ಒಂದನ್ನೂ ಮುಟ್ಟಬ್ಯಾಡ್ರಿ."

"ಹಾವು ಬರ್ತಾವ ಅಂದಿದ್ರಿ?" ತಡೆಯಲಾರದೆ ಕೇಳಿದೆ.

"ಬಂದ್ರ ಬರ್ಲಿ. ಹಾವು ಮನಿ ಕೆಡವಂಗಿಲ್ಲ!"

ಚಾಚಾ ತಮ್ಮ ಮೊಣಕಾಲಿಗೆ ಒಗ್ಗುವ ಸಮತಟ್ಟಾದ ದಾರಿ ಕೇಳಿದರು. ಇನ್ನೊಬ್ಬರು ಹಕ್ಕಿಗಳಿಗೆ ನೀರಿನ ತೊಟ್ಟಿ ಕೇಳಿದರು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು! ಇಂಜಿನಿಯರ್ ಹಾಳೆ ಮೇಲೆ ಹಾಳೆ ಬರೆದುಕೊಂಡರು. ಉದ್ಯಾನ ಸಿಂಧನೂರಿನಲ್ಲೇ ಉಳಿಯಿತು.

ಅಲ್ಲೇ ಒಂದು ಸಮಿತಿಯೂ ಆಯಿತು. ಅಧ್ಯಕ್ಷರು ನಮ್ಮ ಯಜಮಾನರು! "ಟೀಚರ್ ಗಂಡ ಬಾಳ ತಾಳ್ಮಿ ಮನಷ್ಯಾ ಅದಾನ" ಎಂಬುದೇ ಅವರ ಅರ್ಹತೆ. ನನಗೆ ಸದಸ್ಯತ್ವವೂ ಸಿಗಲಿಲ್ಲ. ಎಲ್ಲ ಗೋಡೆಗಳ ಬಣ್ಣವನ್ನು ನಾನೇ ತೆಗೆಯತಕ್ಕದ್ದು ಎಂಬ ಮೊದಲ ಠರಾವು ಮಾತ್ರ ಸರ್ವಾನುಮತದಿಂದ ಪಾಸಾಯಿತು.

ಮರುದಿನ ತಂತಿ ಬ್ರಶ್ ಹಿಡಿದು ಹುಲಿಗೆಮ್ಮನ ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಅಧ್ಯಕ್ಷರು ಹೊಂಗೆಯ ನೆರಳಿಗೆ ಕುರ್ಚಿ ಹಾಕಿಕೊಂಡಿದ್ದರು.

"ಎಡಕ್ಕ ಇನ್ನೊಂದೀಟು ಉಳದೈತಿ ನೋಡು."

ಅಧ್ಯಕ್ಷರ ಮಾತು! ತಿಕ್ಕಿದೆ.