ತಿಂಡಿ ಆಯ್ತಾ ಸರ್?

ಎಲ್ಲ ಶುರುವಾದದ್ದು ಒಂದು ಮೆಸೇಜಿನಿಂದ. ಅಸ್ಸಾಮಿನಿಂದ ಬಂದು ಪಾಲಿಬೆಟ್ಟದ ಕಾಫಿ ಎಸ್ಟೇಟಿನಲ್ಲಿ ಕೂಲಿಗಳ ಲೈನ್ ಮನೆಯಲ್ಲಿರುವ ಬಿರೇನ್, ಕಷ್ಟಪಟ್ಟು ಕಲಿತ ಕನ್ನಡದಲ್ಲಿ ಕೆಲಸದ ವಾಟ್ಸಾಪ್ ಗ್ರೂಪಿಗೆ ‘ಪೈಪ್ ಒಡೆದು. ಬೇಗ ಬಾ’ ಎಂದು ಹಾಕಿದ್ದ. ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಶಶಿಕುಮಾರನಿಗೆ ಮೂಗಿನ ತುದಿಯಲ್ಲೇ ಕೋಪ. ‘ದೊಡ್ಡವರ ಹತ್ರ ಮೊದ್ಲು ನಮಸ್ಕಾರ ಹೇಳಿ, ತಿಂಡಿ ಆಯ್ತಾ ಕೇಳಿ, ಆಮೇಲೆ ವಿಷಯ ಹೇಳೋದು ಕಲಿ. ಇಲ್ಲಾಂದ್ರೆ ಬಾಯ್ಮುಚ್ಕೊಂಡಿರು’ ಎಂದು ಎಲ್ಲರೆದುರೇ ಬರೆದ.

ಎಸ್ಟೇಟಿನ ಸಾಹುಕಾರ ಬೊಳ್ಳಪ್ಪನವರು ಶಶಿಕುಮಾರನನ್ನು ಕರೆಸಿದರು.

"ನಮ್ಮಲ್ಲಿ ಎಷ್ಟು ಜನಕ್ಕೆ ಕನ್ನಡ ಮನೆಮಾತು ಹೇಳು? ನಾನೂ ಶಾಲೇಲಿ ಪೆಟ್ಟು ತಿಂದೇ ಕಲ್ತದ್ದು. ಅವನು ಬರೆದು ಮುಗಿಸೋವರೆಗೆ ತಾಳ್ಮೇಲಿರು. ಇನ್ನೊಂದ್ಸಲ ಬೈದ್ರೆ ಗ್ರೂಪಿಂದ ನಿನ್ನನ್ನೇ ತೆಗೀತೇನೆ."

ಯಾರು ಎಲ್ಲಿ ಕಳೆ ತೆಗೆಯಬೇಕು ಎನ್ನುವುದೆಲ್ಲ ಈಗ ಗ್ರೂಪಿನಲ್ಲೇ. ಅದರಲ್ಲಿಲ್ಲದ ರೈಟರ್ ಇದ್ದೂ ಇಲ್ಲದಂತೆ.

ಮರುದಿನ ಶಶಿಕುಮಾರ ಭಾಮೈದ ಪುನೀತನ ಹೊಸ ಸ್ಕೂಟರಿನಲ್ಲಿ ಬಂದ. ಒಂದು ದಿನದ ಮಟ್ಟಿಗೆ ಅದನ್ನು ಕೊಡುವಾಗ ಪುನೀತ ಮಗಳನ್ನು ಗಂಡನ ಮನೆಗೆ ಕಳಿಸುವವನಂತೆ ಕಣ್ಣು ಒದ್ದೆ ಮಾಡಿಕೊಂಡಿದ್ದ. ಗೀರು ಬಿದ್ದರೆ ಸಂಬಂಧವೇ ಹರಿಯುತ್ತದೆ ಎಂದೂ ಹೇಳಿದ್ದ. ಶಶಿಕುಮಾರ ಅದನ್ನು ಹಲಸಿನ ಮರದ ನೆರಳಿಗೆ ನಿಲ್ಲಿಸಿ, ಡ್ರೈವರ್ ಚಂದ್ರುವಿನ ಜೀಪಿನಲ್ಲಿ ಗೊಬ್ಬರ ತರಲು ಪೊನ್ನಂಪೇಟೆಗೆ ಹೋದ.

ಅಂಗಡಿ ಮುಂದೆ ಮೊಬೈಲ್ ಸದ್ದು ಮಾಡಿತು.

‘ನಮಸ್ಕಾರ ಸರ್. ತಿಂಡಿ ಆಯ್ತಾ ಸರ್?’

ಸಾಹುಕಾರರು ನೋಡುತ್ತಿರುತ್ತಾರೆ. ‘ಆಯ್ತು ಬಿರೇನ್. ತುಂಬಾ ಚೆನ್ನಾಗಿ ಬರೀತಿದ್ದೀಯ. ನಿಧಾನವಾಗಿ ಬರಿ.’ ಲೈನಿನ ತುಳಸಿ ಚಪ್ಪಾಳೆಯ ಚಿತ್ರ ಒತ್ತಿದಳು.

‘ಏನು ತಿಂಡಿ ಸರ್?’

‘ಕಡುಬು.’

‘ಮನೆಯಲ್ಲಿ ಎಲ್ಲರೂ ಸೌಖ್ಯ ಸರ್?’

"ಹೆಣ್ಣು ಕೇಳೋಕೆ ಬಂದಂಗಿದೆ," ಎಂದ ಚಂದ್ರು. ಶಶಿಕುಮಾರ ಹಲ್ಲು ಕಚ್ಚಿಕೊಂಡು ‘ಸೌಖ್ಯ’ ಎಂದು ಕಳಿಸಿದ.

‘ಹಲಸಿನ ಮರಕ್ಕೆ ಆನೆ ಬಂತು ಸರ್.’

‘ಎಷ್ಟು ಚಂದ ಬರೆದ’ ಎಂದು ತುಳಸಿ ಮತ್ತೆ ಚಪ್ಪಾಳೆ ಒತ್ತಿದಳು. ಶಶಿಕುಮಾರ ತಡಬಡಿಸಿ ಒತ್ತಿದ: ‘ಸ್ಕೂಟರ್?’

‘ಸ್ಕೂಟರ್ ಸರ್,’ ಎಂದು ಬಂದು ಅಲ್ಲೇ ನಿಂತಿತು. ಬಿರೇನ್ ಬರೆಯುತ್ತಿದ್ದಾನೆ ಎಂದು ಮೊಬೈಲ್ ತೋರಿಸಿತು. ತೋರಿಸುತ್ತಲೇ ಇತ್ತು. ಫೋನ್ ಮಾಡೋಣವೆಂದರೆ ಆ ತೋಟದಲ್ಲಿ ಮಾತಾಡುವಷ್ಟು ಟವರ್ ಇಲ್ಲ.

"ಸ್ವಲ್ಪ ತಾಳ್ಮೆ," ಎಂದ ಚಂದ್ರು.

ಇದ್ದ ತಾಳ್ಮೆ ಅಲ್ಲಿಗೆ ಮುಗಿಯಿತು. ಶಶಿಕುಮಾರ ಗ್ರೂಪಿಗೇ ಒಂದು ವಾಯ್ಸ್ ಮೆಸೇಜ್ ಬಿಟ್ಟ. ಬಿರೇನನ ಅಜ್ಜನಿಂದ ಶುರುವಾಗಿ ಆನೆಯ ಅಜ್ಜನವರೆಗೆ ಯಾರನ್ನೂ ಅವನು ಬಿಡಲಿಲ್ಲ. ಎರಡನೆಯದು ಕಳಿಸುವಷ್ಟರಲ್ಲಿ ಅವನು ಗ್ರೂಪಿನಲ್ಲಿರಲಿಲ್ಲ.

ಜೀಪು ಓಡಿಸಿಕೊಂಡು ಬಂದರೆ ಮರದಡಿ ಹಲಸಿನ ಸಿಪ್ಪೆ, ಲದ್ದಿ. ಸ್ಕೂಟರ್ ಮಾತ್ರ ಬಿರೇನನ ಮನೆಯ ಜಗಲಿಯ ಮೇಲೆ ಗೋಣಿ ಹೊದ್ದು ನಿಂತಿತ್ತು. ಒಂದು ಗೀರೂ ಇಲ್ಲ.

"ಆನೆ ದೂರ ಇತ್ತು ಸರ್. ನಾನು, ಹೆಂಡತಿ ಎತ್ತಿ ತಂದೆವು."

"ಅದನ್ನ ಮೊದ್ಲೇ ಬರೀಬಾರ್ದಿತ್ತಾ?"

"ತಿಂಡಿ ಕೇಳದೆ ಹೇಗೆ ಸರ್? ಆಮೇಲೆ ಸ್ಕೂಟರ್ ಎಲ್ಲಿ ಅಂತ ಬರೆಯಲು ಇದಕ್ಕೆ ಕನ್ನಡ ಹುಡುಕಿದೆ," ಎಂದು ಬಿರೇನ್ ಜಗಲಿ ತೋರಿಸಿದ.

ಸಂಜೆ ಸಾಹುಕಾರರ ತೀರ್ಪು ಬಂತು. ಇನ್ನು ಗ್ರೂಪಿನ ಅಡ್ಮಿನ್ ಬಿರೇನ್. ಶಶಿಕುಮಾರ ಒಳಗೆ ಬರಬೇಕಾದರೆ ಬಿರೇನನ ಭಾಷೆಯಲ್ಲೇ ಕ್ಷಮೆ ಕೇಳಿ ಬರೆಯಬೇಕು. ಮೊಬೈಲಿನ ಅನುವಾದ ನಡೆಯುವುದಿಲ್ಲ.

ಶಶಿಕುಮಾರ ಅದೇ ಜಗಲಿಯಲ್ಲಿ ಕುಳಿತು ಅವರಿವರನ್ನು ಕೇಳಿ ಒಂದು ಪದ ಒತ್ತಿದ, ಅಳಿಸಿದ, ಮತ್ತೆ ಒತ್ತಿ ಬಿರೇನನ ನಂಬರಿಗೆ ಕಳಿಸಿದ. ಎದುರಿಗೇ ಕೂತಿದ್ದ ಬಿರೇನ್ ಅದನ್ನು ತುಂಬ ಹೊತ್ತು ಓದಿ, ಉತ್ತರ ಬರೆದ:

‘ತುಂಬಾ ಚೆನ್ನಾಗಿ ಬರೀತಿದ್ದೀರಿ ಸರ್. ನಿಧಾನವಾಗಿ ಬರೀರಿ. ಮೊದಲು ನಂದು ತಿಂಡಿ ಆಯ್ತಾ ಕೇಳಿ.’