‘ಆರಾಮ’ ಎಂದು ನರ್ಸಬಾಯಿಯನ್ನು ಕಳೆದುಕೊಂಡವರ ಅಹವಾಲು

ಆರೋಗ್ಯದ ನವೀನ ಯೋಜನೆಗಳ ನಿರ್ದೇಶಕರೂ ವಿಜ್ಞಾನಿವರ್ಯರೂ ಆದ ಮಾನ್ಯರೇ,

ಚಿಕ್ಕೋಡಿ ತಾಲೂಕಿನ ಕಬ್ಬೂರ ಕಡೆಯ ತೋಟದ ವಸತಿಯಿಂದ, ಭೀಮಗೊಂಡನೆಂಬ ಕಬ್ಬು ಬೆಳೆಗಾರನು ಟೊಪ್ಪಿಗೆ ಸರಿಪಡಿಸಿಕೊಂಡು, ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ತಮಗೆ ಮತ್ತೆ ಬಡ್ತಿಯಾದ ಸುದ್ದಿ ಓದಿ ನಮಗಾದ ಹೆಮ್ಮೆ ಅಷ್ಟಿಷ್ಟಲ್ಲ, ಏಕೆಂದರೆ ತಮ್ಮ ಬಡ್ತಿಗಳಿಗೆಲ್ಲ ನಾವೇ ಮೆಟ್ಟಿಲು. ಎಂಬತ್ನಾಲ್ಕನೇ ಇಸವಿಯಲ್ಲಿ ತರುಣ ವಿಜ್ಞಾನಿಯಾಗಿ ಬಂದು ನಮ್ಮ ಬಾವಿಗಳಿಗೆ ಸೊಳ್ಳೆಮರಿ ತಿನ್ನುವ ಮೀನು ಬಿಟ್ಟಿರಿ. ಮೀನನ್ನು ಮಿಂಚುಳ್ಳಿಗಳು ತಿಂದವು, ತಾವು ಉಪನಿರ್ದೇಶಕರಾದಿರಿ. ಆಮೇಲೆ ಬಿಸಿಲಿನ ಬಲದಿಂದ ಲಸಿಕೆ ತಣ್ಣಗಿಡುವ ಪೆಟ್ಟಿಗೆ ತಂದಿರಿ. ಅದು ಬಿಸಿಲಿಗೇ ಕೆಟ್ಟಿತು, ತಾವು ಜಂಟಿ ನಿರ್ದೇಶಕರಾದಿರಿ.

ಆದರೂ ಕಳೆದ ವರ್ಷದ ‘ಜನರನ್ನೇ ಕೇಳಿ’ ಯೋಜನೆಯ ಮುಂದೆ ಅವೆಲ್ಲ ಏನೂ ಅಲ್ಲ. ಯಂತ್ರ ಬೇಡ, ರಕ್ತಪರೀಕ್ಷೆ ಬೇಡ, ರೋಗ ಉಂಟೋ ಇಲ್ಲವೋ ಎಂಬುದನ್ನು ಜನರ ಬಾಯಿಂದಲೇ ಕೇಳಿ ನೀತಿ ರೂಪಿಸಬೇಕೆಂದು ತಾವು ಭಾಷಣ ಮಾಡಿದಾಗ ನಾವು ಕೈ ಕೆಂಪಗಾಗುವಂತೆ ಚಪ್ಪಾಳೆ ತಟ್ಟಿದೆವು. ಮರುದಿನ ನಮ್ಮ ಮಾತನ್ನೇ ಕಲಿತುಕೊಂಡು ಮನೆಮನೆಗೆ ಬಂದು “ಹೆಂಗದೀರಿ?” ಎಂದಿರಿ. ವಸತಿಗೆ ವಸತಿಯೇ “ಆರಾಮ ಅದೀವ್ರಿ” ಎಂದಿತು. ಅಯ್ಯೋ ಸಾಹೇಬರೇ, ಮನೆಗೆ ಬಂದವರು ಹಾಗೆ ಕೇಳಿದರೆ ನಮ್ಮಲ್ಲಿ ಬೇರೆ ಉತ್ತರವೇ ಇಲ್ಲ! ಚಳಿಜ್ವರದಲ್ಲಿ ನಡುಗುತ್ತಿದ್ದ ಮುರಗೆಪ್ಪ ಕಂಬಳಿಯೊಳಗಿಂದಲೇ ಆರಾಮ ಎಂದು, ಚಹಾ ಆಯಿತೇ ಎಂದು ತಮ್ಮನ್ನೇ ವಿಚಾರಿಸಿದ. ದಮ್ಮು ಹತ್ತಿ ಮಾತು ಹೊರಡದ ಸೋನಾಬಾಯಿ ಕೈಯಾಡಿಸಿ ಆರಾಮ ಎಂದು ತಿಳಿಸಿದಳು.

ಹೀಗೆ ನಮ್ಮ ವಸತಿ ರೋಗಮುಕ್ತವೆಂದು ಘೋಷಣೆಯಾಯಿತು. ರೋಗಿಗಳಿಲ್ಲದ ಕಡೆ ನರ್ಸಬಾಯಿ ಏಕೆಂದು, ನಮ್ಮ ಹೆರಿಗೆಗಳನ್ನೂ ಮಾಡಿಸುತ್ತಿದ್ದ ಅಕ್ಕುತಾಯಿಯವರನ್ನು ಅಥಣಿ ಕಡೆಗೆ ವರ್ಗ ಮಾಡಲಾಯಿತು, ತಾವು ನಿರ್ದೇಶಕರಾದಿರಿ. ವಾಸಿ ಮಾಡುವ ತೊಂದರೆಯನ್ನೇ ತೆಗೆದುಕೊಳ್ಳದೆ ಕಾಯಿಲೆಗಳನ್ನು ಇಲ್ಲವಾಗಿಸಿದ ಮೇಧಾವಿ ಈ ಸೀಮೆಗೆ ಹಿಂದೆ ಬಂದಿರಲಿಲ್ಲ.

ನನ್ನ ಸಂಕಟ ಇಷ್ಟೇ. ಮಗಳು ಲಕ್ಷ್ಮಿಬಾಯಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ, ದಿನ ತುಂಬಿವೆ. ಅಕ್ಕುತಾಯಿ ಇದ್ದಿದ್ದರೆ ನಾನು ಈ ಹೊತ್ತು ನಿಶ್ಚಿಂತೆಯಿಂದ ಕಬ್ಬಿಗೆ ನೀರು ಹಾಯಿಸುತ್ತಿದ್ದೆ. ಹೆದರಿಕೆಯಾಗಿದೆ ಸಾಹೇಬರೇ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಆದ್ದರಿಂದ ಅವರನ್ನು ಮರಳಿ ಕಳಿಸಬೇಕು. ಅದು ನೀತಿಗೆ ವಿರುದ್ಧವಾದರೆ ನಮಗೊಂದು ಸಣ್ಣ ಸಾಂಕ್ರಾಮಿಕ ರೋಗವನ್ನಾದರೂ ಮಂಜೂರು ಮಾಡಬೇಕು. ಅದಕ್ಕೂ ಅನುದಾನವಿಲ್ಲವಾದರೆ, ಮುಂದಿನ ವರ್ಗಾವಣೆಯವರೆಗೆ ಹೊರಗೆ ಬರಕೂಡದೆಂದು ಹೊಟ್ಟೆಯೊಳಗಿನ ಕೂಸಿಗೆ ಆದೇಶ ಹೊರಡಿಸಬೇಕು. ತಮ್ಮ ಸಹಿಗೆ ಅದು ಖಂಡಿತ ಮರ್ಯಾದೆ ಕೊಡುತ್ತದೆ.

ತಮ್ಮ ಮುಂದಿನ ಬಡ್ತಿಗೂ ಬೆನ್ನು ಕೊಡಲು ಸಿದ್ಧನಿರುವ,
ತಮ್ಮ ವಿಶ್ವಾಸಿ
ಭೀಮಗೊಂಡ

ತಾ.ಕ.: ಇದನ್ನು ಅಂಚೆಗೆ ಹಾಕುವ ಮೊದಲೇ ಬೇನೆ ಶುರುವಾಗಿ, ಮಗಳನ್ನು ಚಿಕ್ಕೋಡಿ ಬಸ್ಸಿಗೆ ಹತ್ತಿಸಿದೆವು. ಅವಳ ಮುಖ ನೋಡಿ ಕಂಡಕ್ಟರ್ “ಹೆಂಗದೀ ತಂಗಿ?” ಎಂದ. “ಆರಾಮ ಇಲ್ಲೋ ಯಣ್ಣಾ, ಗಾಡಿ ನಿಂದರಸು” ಎಂದಳು. ನಮ್ಮ ವಸತಿಯವರು ಇಂಥ ಉತ್ತರ ಕೊಟ್ಟಿದ್ದು ಇದೇ ಮೊದಲು, ದಯಮಾಡಿ ಸಮೀಕ್ಷೆಗೆ ಸೇರಿಸಿಕೊಳ್ಳಿ. ಸಂತೆಗೆ ಹೊರಟಿದ್ದ ಹೆಂಗಸರು ಸೀರೆ ಮರೆ ಮಾಡಿದರು, ಬಸ್ಸಿನಲ್ಲೇ ಹೆಣ್ಣುಮಗು ಹುಟ್ಟಿತು. ತಾಯಿ, ಕೂಸು ಹೇಗಿದ್ದಾರೆಂದು ಮಾತ್ರ ನಮ್ಮನ್ನು ಕೇಳಬೇಡಿ. ಅಕ್ಕುತಾಯಿಯವರನ್ನು ಕಳಿಸಿ ನೋಡಿಸಿ.